ಮಾತ್ರೆ ಬದಲಾದ ವಾರಗಳಲ್ಲಿ ಸಂಗಾತಿಯನ್ನು ನೋಡಿಕೊಳ್ಳುವುದು ಹೇಗೆ?

ನಮ್ಮ ಮನೆಯವರಿಗೆ ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಕುಸಿಯುವ ಕಾಯಿಲೆ) ಎಂದು ಡಾಕ್ಟರ್ ಹೇಳಿದ ದಿನ, ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಇದೇ ಕಾಯಿಲೆ ಇರುವ ಇನ್ನೂ ಕೆಲವು ಮನೆ ನೋಡಿದೆ. ಹೆಚ್ಚಿನವರು ಎಡವಿದ್ದು ಮಾತ್ರೆ ಬದಲಾದಾಗಲೇ.

ಮೊದಲಿಗೆ, ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ. ಹಳೆ ಚೀಟಿಗಳೆಲ್ಲ ಜೊತೆಗಿರಲಿ.

ಆಮೇಲೆ ನಿದ್ದೆಯ ಲೆಕ್ಕ. ಮಲಗಿದ್ದು, ಎದ್ದದ್ದು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೊಬೈಲ್ ಆ್ಯಪ್ ಬೇಡ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ ಅಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕೊಯ್ಲಿನಲ್ಲಿ ರಾತ್ರಿಯಿಡೀ ಅಡಿಕೆ ಸುಲಿಯಲು ಕೂರುತ್ತಾರಲ್ವಾ, ಅದರಿಂದ ಅವರನ್ನು ಬಿಡಿಸಿ. ನಿದ್ದೆಗೆಟ್ಟರೆ ಉನ್ಮಾದ, ಅಂದರೆ ಮನಸ್ಸು ವಿಪರೀತ ಏರುವ ಸ್ಥಿತಿ, ಕೆರಳಬಹುದು. ನೆಂಟರು ಬೇಜಾರಾದರೆ ಆಗಲಿ.

ಈಗ ಕಷ್ಟದ ಹಂತ. ಹಳೆ ಮಾತ್ರೆ ಯಾವತ್ತು ಎಷ್ಟು ಇಳಿಸಬೇಕು, ಹೊಸದು ಎಷ್ಟು ಏರಿಸಬೇಕು ಎಂದು ತಾರೀಖು ಹಾಕಿಸಿ ಬರೆಸಿಕೊಳ್ಳಿ. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಆದರೆ ಡೋಸ್ ಬದಲಾಗಿ ಸುಮಾರು 5ರಿಂದ 7 ದಿನಕ್ಕೆ ರಕ್ತಪರೀಕ್ಷೆ ಇರುತ್ತದೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೇ ರಕ್ತ ಕೊಡಬೇಕು. ಒಮ್ಮೆ ನಾವು ಬೆಳಗಿನ ಮಾತ್ರೆ ನುಂಗಿಯೇ ಹೋಗಿದ್ದೆವು, ಲ್ಯಾಬಿನವರೂ ಕೇಳಲಿಲ್ಲ. ಮಟ್ಟ ಜಾಸ್ತಿ ಬಂತು, ಮನೆಯೆಲ್ಲ ಗಾಬರಿ, ಮತ್ತೆ ರಕ್ತ ಕೊಡಬೇಕಾಯಿತು. ಇನ್ನೊಂದು, ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ಸುಮ್ನೆ ಕೊಡಬೇಡಿ. ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ-ಭೇದಿಯಾಗಿ ನೀರು ಕಳೆದುಕೊಂಡರೂ, ಊಟದಲ್ಲಿ ಉಪ್ಪು ಒಮ್ಮೆಲೇ ಬಿಟ್ಟರೂ ಹಾಗೆಯೇ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಮಾತ್ರೆ ಶುರುವಾಗಿ ಮೈಮೇಲೆ ಗುಳ್ಳೆ ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ವಾರದ ಏಳು ಮನೆಯ ಪ್ಲಾಸ್ಟಿಕ್ ಡಬ್ಬಿ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ವಾಲ್‌ಪ್ರೊಯೇಟ್ ಎಂಬ, ಇದೇ ಕಾಯಿಲೆಗೆ ಕೊಡುವ ಮಾತ್ರೆ ತೇವ ಎಳೆದುಕೊಳ್ಳುತ್ತದೆ. ಸ್ಟ್ರಿಪ್ಪಿನಲ್ಲೇ ಇಟ್ಟು, ನುಂಗುವಾಗ ಮಾತ್ರ ಹೊರಗೆ ತೆಗೆಯಿರಿ. ಬಸ್ಸು ನಿಂತುಹೋಗುವ ಮಳೆ ಬರುವ ಮೊದಲೇ ಹದಿನೈದು ದಿನದ್ದು ಹೆಚ್ಚಿಗೆ ತಂದಿಡಿ.

ಹುಷಾರಾದರು ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ. ಶಿವಮೊಗ್ಗ ಹತ್ತಿರವಿದ್ದರೆ ನೇರ ಮೆಗ್ಗಾನ್‌ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಅವರು ಚೆನ್ನಾಗಿರುವಾಗಲೇ ಕೂತು ಮಾತಾಡಿಕೊಳ್ಳಿ. ಏರುಪೇರಾದರೆ ಎಟಿಎಂ ಕಾರ್ಡ್ ಯಾರ ಹತ್ತಿರ, ಬೈಕಿನ ಕೀಲಿ ಯಾರ ಹತ್ತಿರ? ನಮ್ಮವರು ಹೇಳಿದ್ದು ಇಷ್ಟು: "ನಾನು ಎಷ್ಟು ರೇಗಿದರೂ ಡಾಕ್ಟರಿಗೆ ಫೋನ್ ಮಾಡು ಮಾರಾಯ್ತಿ." ಅದನ್ನು ಅವರ ಕೈಯಿಂದಲೇ ಕ್ಯಾಲೆಂಡರಿನ ಹಿಂದೆ ಬರೆಸಿ ಇಟ್ಟಿದ್ದೇನೆ.