ಇಂಗ್ಲೆಂಡಿನ ನ್ಯಾಯಾಲಯದಿಂದ ಪತ್ರ ಬಂದಾಗ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಅದನ್ನೇ ನಂಬಿಕೊಂಡು ಇಂಗ್ಲೆಂಡಿಗೆ ಬಂದವರು ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ, ನ್ಯಾಯಾಲಯದ ಹೆಸರಿರುವ ಲಕೋಟೆ ಕಂಡೊಡನೆ ಗಾಬರಿಗೊಂಡು, ಆಮೇಲೆ ನೋಡೋಣ ಎಂದು ಅದನ್ನು ಮೇಜಿನ ಖಾನೆಗೆ ಸೇರಿಸಿಬಿಡುವುದು. ನಿಮ್ಮಿಂದ ಉತ್ತರ ಬರಲಿಲ್ಲವೆಂದು ಇಲ್ಲಿ ಪ್ರಕರಣವನ್ನು ಮುಂದೂಡುವುದಿಲ್ಲ, ನೀವಿಲ್ಲದೆಯೇ ಮುಗಿದುಹೋಗುತ್ತದೆ. ಈ ಬರಹ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ನ್ಯಾಯಾಲಯಗಳ ವ್ಯವಸ್ಥೆಯೇ ಬೇರೆ.

ಹೆಚ್ಚಿನವರಿಗೆ ಮೊದಲ ಪತ್ರ ಬರುವುದು ಕಾರಿನ ವೇಗದ ಕಾರಣದಿಂದ. ರಸ್ತೆಯ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರೆ ಕಾರು ನೋಂದಣಿಯಾಗಿರುವ ವಿಳಾಸಕ್ಕೆ ಸಾಮಾನ್ಯವಾಗಿ 14 ದಿನಗಳೊಳಗೆ ಪೊಲೀಸರ ನೋಟಿಸು ತಲುಪುತ್ತದೆ. ಆ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವರು ಯಾರೆಂದು 28 ದಿನಗಳೊಳಗೆ ತಿಳಿಸುವುದು ಕಡ್ಡಾಯ. ಮಿತಿ ಮೀರಿದ್ದು ಸ್ವಲ್ಪವೇ ಆಗಿದ್ದರೆ ಸುರಕ್ಷತೆಯ ತರಗತಿಯಲ್ಲಿ ಕುಳಿತೋ, 100 ಪೌಂಡು ದಂಡ ಕಟ್ಟಿ ಲೈಸೆನ್ಸಿನ ಮೇಲೆ 3 ಪಾಯಿಂಟು (ತಪ್ಪಿಗಾಗಿ ದಾಖಲಾಗುವ ಅಂಕ) ಹಾಕಿಸಿಕೊಂಡೋ ಅಲ್ಲಿಗೇ ಮುಗಿಸಿಕೊಳ್ಳಬಹುದು. ಆದರೆ ಓಡಿಸಿದವರ ಹೆಸರನ್ನು ತಿಳಿಸದೆ ಬಿಟ್ಟರೆ ಅದು ಪ್ರತ್ಯೇಕ ಅಪರಾಧವಾಗುತ್ತದೆ. ಅದಕ್ಕೆ 6 ಪಾಯಿಂಟು ಮತ್ತು 1,000 ಪೌಂಡಿನವರೆಗೆ ದಂಡ. ಇಲ್ಲಿನ ಪರೀಕ್ಷೆ ಪಾಸಾಗಿ ಎರಡು ವರ್ಷ ತುಂಬುವ ಮೊದಲೇ 6 ಪಾಯಿಂಟು ಸೇರಿದರೆ ಲೈಸೆನ್ಸೇ ರದ್ದಾಗುತ್ತದೆ, ಮತ್ತೆ ಎಲ್ಎಲ್‌ನಂಥ ತಾತ್ಕಾಲಿಕ ಲೈಸೆನ್ಸಿನಿಂದ ಶುರು ಮಾಡಬೇಕಾಗುತ್ತದೆ. ಭಾರತದಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ್ದೇನೆ ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹೀಗೆ ಉತ್ತರವಿಲ್ಲದೆ ಉಳಿದ ಪ್ರಕರಣಗಳನ್ನು, ಟಿವಿ ನೋಡಲು ಇಲ್ಲಿ ಬೇಕಾದ ಲೈಸೆನ್ಸು ಇಲ್ಲದ ಪ್ರಕರಣಗಳನ್ನೂ ಸೇರಿಸಿ, 2015ರಿಂದ ಒಬ್ಬರೇ ಮ್ಯಾಜಿಸ್ಟ್ರೇಟರು ಕಾಗದಪತ್ರ ನೋಡಿಯೇ ತೀರ್ಮಾನಿಸುವ ಪದ್ಧತಿಯಿದೆ. ತೆರೆದ ನ್ಯಾಯಾಲಯದಲ್ಲಿ ವಿಚಾರಣೆಯಿಲ್ಲ, ವಕೀಲರ ವಾದವೂ ಇಲ್ಲ. ಈ ಪದ್ಧತಿಯ ನೋಟಿಸು ಬಂದ 21 ದಿನಗಳೊಳಗೆ ತಪ್ಪು ಒಪ್ಪುವಿರೋ ಇಲ್ಲವೋ ಎಂದು ತಿಳಿಸಬೇಕು; ಒಪ್ಪುವುದಿಲ್ಲ ಎಂದರೆ ತೆರೆದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತದೆ. ಏನೂ ತಿಳಿಸದಿದ್ದರೆ ನೀವಿಲ್ಲದೆಯೇ ಅಪರಾಧ ಸಾಬೀತಾಗಿ ದಂಡದ ಆದೇಶವೇ ಮನೆಗೆ ಬರಬಹುದು. ಮನೆ ಬದಲಾಯಿಸಿ ಹಳೆಯ ವಿಳಾಸಕ್ಕೆ ಹೋದ ಪತ್ರವನ್ನು ಕಾಣದೇ ಹೋದವರಿಗೆ ಇರುವ ದಾರಿ ಪ್ರಮಾಣಪೂರ್ವಕ ಹೇಳಿಕೆ. ವಿಷಯ ತಿಳಿದ 21 ದಿನಗಳೊಳಗೆ, ಪ್ರಕರಣದ ಸುಳಿವೇ ನನಗಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರೆ ಆ ತೀರ್ಪು ಬಿದ್ದುಹೋಗಿ ಪ್ರಕರಣ ಮೊದಲಿನಿಂದ ಶುರುವಾಗುತ್ತದೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಓಡಾಡುವ ನಮ್ಮಂಥವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಪರಾಧ ಸಾಬೀತಾದರೆ ಮುಂದಿನ ವೀಸಾ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆಯಬೇಕಾಗುತ್ತದೆ ಎಂಬುದೂ ಇದರ ಜೊತೆಗೇ ಬರುವ ಚಿಂತೆ.

ಕ್ರಿಮಿನಲ್ ಪ್ರಕರಣಗಳೆಲ್ಲ ಮೊದಲು ಹೋಗುವುದು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ. ಬಹುಪಾಲು ಅಲ್ಲೇ ಮುಗಿಯುತ್ತವೆ. ಪೀಠದಲ್ಲಿ ಕುಳಿತ ಮೂವರು ಕಾನೂನು ಓದಿದವರಲ್ಲ, ಸಂಬಳ ಪಡೆಯುವವರೂ ಅಲ್ಲ ಎಂದರೆ ನಮ್ಮವರಿಗೆ ನಂಬುವುದು ಕಷ್ಟ. ಅವರು ಅದೇ ಊರಿನ ಶಿಕ್ಷಕರೋ, ಅಂಗಡಿಯವರೋ, ನಿವೃತ್ತರೋ ಆಗಿರುತ್ತಾರೆ. ವರ್ಷಕ್ಕೆ ಕನಿಷ್ಠ 13 ದಿನ ಬಂದು ಕೂರುತ್ತಾರೆ. ಕಾನೂನಿನ ವಿಷಯದಲ್ಲಿ ಸಲಹೆ ಕೊಡಲು ತಿಳಿದವರೊಬ್ಬರು ಪಕ್ಕದಲ್ಲಿರುತ್ತಾರೆ. ತಪ್ಪು ಮಾಡಿರುವುದು ನಿಜವೇ ಆಗಿದ್ದರೆ ಮೊದಲ ಹಂತದಲ್ಲಿಯೇ ಒಪ್ಪಿಕೊಂಡವರಿಗೆ ಶಿಕ್ಷೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ತಡಮಾಡಿದಷ್ಟೂ ಆ ರಿಯಾಯಿತಿ ಇಳಿಯುತ್ತದೆ.

ಪೊಲೀಸರು ಠಾಣೆಗೆ ಕರೆದರೆ, ಬಂಧಿಸಿರಲಿ ಅಥವಾ ನೀವಾಗಿಯೇ ಬನ್ನಿ ಎಂದಿರಲಿ, ಪ್ರಶ್ನೆಗಳಿಗೆ ಮೊದಲು ಒಂದು ಎಚ್ಚರಿಕೆಯನ್ನು ಓದಿ ಹೇಳುತ್ತಾರೆ. ನೀವು ಏನನ್ನೂ ಹೇಳಬೇಕಾಗಿಲ್ಲ; ಆದರೆ ಮುಂದೆ ನ್ಯಾಯಾಲಯದಲ್ಲಿ ನೀವು ನೆಚ್ಚಿಕೊಳ್ಳುವ ಸಂಗತಿಯನ್ನು ಈಗ ಹೇಳದೆ ಹೋದರೆ ಅದು ನಿಮ್ಮ ವಾದಕ್ಕೆ ಹಾನಿ ಮಾಡಬಹುದು; ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು ಎಂಬುದು ಅದರ ತಿರುಳು. ನಡುವಿನ ಮಾತು 1994ರ ಕಾನೂನಿನಿಂದ ಸೇರಿದ್ದು, ಅಮೆರಿಕದ ಧಾರಾವಾಹಿಗಳಲ್ಲಿ ಕೇಳಿದ್ದಕ್ಕಿಂತ ಬೇರೆ. ಬಾಯಿ ಬಿಡಬೇಕೋ ಬಾರದೋ ಎಂಬುದನ್ನು ಒಬ್ಬರೇ ನಿರ್ಧರಿಸಬೇಡಿ. ನಿಮ್ಮ ಸಂಬಳ ಎಷ್ಟೇ ಇರಲಿ, ಠಾಣೆಯಲ್ಲಿ ಸಾಲಿಸಿಟರ್ ಸಲಹೆ ಎಲ್ಲರಿಗೂ ಉಚಿತ. ವಕೀಲರನ್ನು ಕೇಳಿದರೆ ತಪ್ಪಿತಸ್ಥನೆಂದುಕೊಂಡಾರು ಎಂಬ ಸಂಕೋಚದಿಂದ ಬೇಡವೆನ್ನುವವರುಂಟು. ಆ ಸಂಕೋಚಕ್ಕೆ ಅರ್ಥವಿಲ್ಲ. ಇಂಗ್ಲಿಷಿನಲ್ಲಿ ತಡವರಿಸುವ ಹಿರಿಯರಿದ್ದರೆ ದುಭಾಷಿ ಬೇಕೆಂದು ಕೇಳಿ, ಅದಕ್ಕೂ ಹಣ ಕೊಡಬೇಕಾಗಿಲ್ಲ.

ಇನ್ನೊಂದು ಬಗೆಯ ಪತ್ರ ಬಂದರೆ ಹೆದರುವ ಕಾರಣವೇ ಇಲ್ಲ, ಆದರೂ ಹೆಚ್ಚು ಬೆಚ್ಚಿಬೀಳಿಸುವುದು ಅದೇ: ಜ್ಯೂರಿ ಸೇವೆಯ ಕರೆ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಗುಂಪಿನಲ್ಲಿ ಕೂರಲು ಬರುವ ಕರೆ. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟು, ಇದು ತಪ್ಪಾಗಿ ಬಂದಿರಬೇಕು ಎಂದು ಭಾವಿಸಬೇಡಿ. ಭಾರತ ಕಾಮನ್‌ವೆಲ್ತಿನ ದೇಶವಾದ್ದರಿಂದ, ಇಲ್ಲಿ ವಾಸಿಸಲು ಅನುಮತಿಯಿರುವ ಭಾರತೀಯರಿಗೆ ಮತ ಹಾಕುವ ಹಕ್ಕಿದೆ, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುವ ಹೊಣೆಯೂ ಇದೆ. ಆ ಪಟ್ಟಿಯಲ್ಲಿರುವ, 18ರಿಂದ 75 ವರ್ಷದೊಳಗಿನ, 13ನೆಯ ವಯಸ್ಸಿನ ನಂತರ ಕನಿಷ್ಠ 5 ವರ್ಷ ಈ ದೇಶದಲ್ಲಿ ನೆಲೆಸಿದ ಯಾರನ್ನಾದರೂ ಚೀಟಿ ಎತ್ತಿದಂತೆ ಆರಿಸಿ ಕರೆಯುತ್ತಾರೆ. ಕರೆಗೆ 7 ದಿನಗಳೊಳಗೆ ಉತ್ತರಿಸಬೇಕು. ನಿರ್ಲಕ್ಷಿಸಿದರೆ 1,000 ಪೌಂಡಿನವರೆಗೆ ದಂಡ ಬೀಳಬಹುದು. ಪರೀಕ್ಷೆಯೋ ಶಸ್ತ್ರಚಿಕಿತ್ಸೆಯೋ ಮೊದಲೇ ಗೊತ್ತಾದ ಪ್ರಯಾಣವೋ ಇದ್ದರೆ 12 ತಿಂಗಳೊಳಗಿನ ಬೇರೊಂದು ದಿನಾಂಕಕ್ಕೆ ಒಮ್ಮೆ ಮುಂದೂಡಿಸಿಕೊಳ್ಳಬಹುದು. ಸೇವೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳು. ಕಂಪನಿ ರಜೆ ಕೊಡಲೇಬೇಕು, ಆದರೆ ಸಂಬಳ ಕೊಡಲೇಬೇಕೆಂದಿಲ್ಲ. ಸಂಬಳ ನಿಂತರೆ ನ್ಯಾಯಾಲಯದಿಂದ ಒಂದು ಮಿತಿಯೊಳಗೆ ಪರಿಹಾರ ಕೇಳಬಹುದು.

ನಮಗೆ ಈ ಅನುಭವ ಹೊಸದು. 1959ರಲ್ಲಿ ಮುಂಬೈಯ ನಾನಾವತಿ ಕೊಲೆ ಪ್ರಕರಣದಲ್ಲಿ ಜ್ಯೂರಿ 8-1ರ ಬಹುಮತದಿಂದ ಕೊಟ್ಟ ನಿರ್ಣಯವನ್ನು ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ಪ್ರಸಿದ್ಧ ಸಂಗತಿ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಇಲ್ಲಿಯಾದರೋ ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ನ್ಯಾಯಾಲಯದಲ್ಲಿ ಹನ್ನೆರಡು ಮಂದಿ ಸಾಮಾನ್ಯರೇ ಅಪರಾಧ ನಡೆಯಿತೋ ಇಲ್ಲವೋ ಎಂದು ಹೇಳುವವರು. ನ್ಯಾಯಾಧೀಶರು ಕಾನೂನನ್ನು ವಿವರಿಸುತ್ತಾರೆ, ಶಿಕ್ಷೆಯ ಪ್ರಮಾಣ ನಿರ್ಧರಿಸುತ್ತಾರೆ. ಭಗವದ್ಗೀತೆಯ ಮೇಲೆ ಪ್ರಮಾಣ ಮಾಡಬಹುದು. ಯಾವ ಗ್ರಂಥವೂ ಬೇಡವೆಂದರೆ ಬರಿಯ ಮಾತಿನ ಪ್ರತಿಜ್ಞೆಗೂ ಅಷ್ಟೇ ಬೆಲೆ. ಎಲ್ಲರೂ ಒಮ್ಮತಕ್ಕೆ ಬರಬೇಕೆಂಬುದು ಮೊದಲ ನಿಯಮ. ಸಾಕಷ್ಟು ಹೊತ್ತು ಚರ್ಚಿಸಿಯೂ ಆಗದಿದ್ದರೆ 10-2ರ ಬಹುಮತವನ್ನು ನ್ಯಾಯಾಧೀಶರು ಒಪ್ಪಬಹುದು. ಇದಕ್ಕೆ 1967ರ ಕಾನೂನು ಅವಕಾಶ ಮಾಡಿಕೊಟ್ಟಿತು.

ಜ್ಯೂರಿಯಲ್ಲಿ ಕುಳಿತವರು ಕಾಲು ಜಾರುವುದು ಫೋನಿನಲ್ಲಿ. ಆರೋಪಿಯ ಹೆಸರನ್ನೋ ಘಟನೆ ನಡೆದ ಬೀದಿಯನ್ನೋ ಅಂತರ್ಜಾಲದಲ್ಲಿ ಹುಡುಕುವುದು 2015ರಿಂದ ಸ್ವತಃ ಅಪರಾಧ, ಅದಕ್ಕೆ 2 ವರ್ಷದವರೆಗೆ ಸೆರೆವಾಸವಿದೆ. ಕೋಣೆಯೊಳಗೆ ಯಾರು ಏನು ವಾದಿಸಿದರು ಎಂಬುದನ್ನು ಪ್ರಕರಣ ಮುಗಿದ ಮೇಲೂ ಹೊರಗೆ ಹೇಳುವಂತಿಲ್ಲ. ಮನೆಯವರು ಕೇಳದೆ ಬಿಡರು, ವಾಟ್ಸಾಪ್ ಗುಂಪಿನವರಂತೂ ಬಿಡುವುದೇ ಇಲ್ಲ. ಹೇಳಬಾರದೆಂದು ಮೊದಲ ದಿನವೇ ತಿಳಿಸಿಬಿಡುವುದು ಸುಲಭ.

ಹಣದ ವ್ಯಾಜ್ಯಗಳ ಮಾತು ಚಿಕ್ಕದು. 10,000 ಪೌಂಡಿನವರೆಗಿನ ಸಾಮಾನ್ಯ ಬೇಡಿಕೆಗಳು ಸ್ಮಾಲ್ ಕ್ಲೈಮ್ಸ್ ದಾರಿಯಲ್ಲಿ ನಡೆಯುತ್ತವೆ. ಅಲ್ಲಿ ವಕೀಲರಿಲ್ಲದೆ ನೀವೇ ವಾದಿಸಬಹುದು. ಸೋತರೂ ಎದುರಾಳಿಯ ವಕೀಲರ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ನಿಮ್ಮ ಮೇಲೆಯೇ ದಾವೆಯ ಕಾಗದ ಬಂದರೆ ಉತ್ತರಿಸಲು ಇರುವುದು 14 ದಿನ. ತಲುಪಿದೆಯೆಂದು ತಿಳಿಸಿದರೆ ಅದು 28 ದಿನವಾಗುತ್ತದೆ. ಸುಮ್ಮನಿದ್ದರೆ ತೀರ್ಪು ನಿಮ್ಮ ವಿರುದ್ಧ ಆಗಿ, ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟದಿದ್ದರೆ 6 ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆಸಾಲ ಕೇಳಲು ಹೋದ ದಿನ ಅದು ಎದುರಾಗುತ್ತದೆ.

ಪತ್ರ ಬರುವ ಮೊದಲೇ ಒಮ್ಮೆ ಒಳಗೆ ಹೋಗಿ ನೋಡಿಬನ್ನಿ ಎಂದು ಹೊಸಬರಿಗೆ ನಾನು ಹೇಳುವುದುಂಟು. ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿಯೂ ಕ್ರೌನ್ ನ್ಯಾಯಾಲಯದಲ್ಲಿಯೂ ಸಾರ್ವಜನಿಕರು ಕೂರಲು ಜಾಗವಿದೆ, ಟಿಕೇಟಿಲ್ಲ, ಕಾರಣ ಕೇಳುವವರಿಲ್ಲ. ಫೋಟೋ ತೆಗೆಯುವುದನ್ನು 1925ರಿಂದಲೇ ನಿಷೇಧಿಸಲಾಗಿದೆ. ಲಂಡನ್ನಿನ ಪ್ರಸಿದ್ಧ ಕ್ರೌನ್ ನ್ಯಾಯಾಲಯವಾದ ಓಲ್ಡ್ ಬೇಲಿಗೆ ಹೋಗುವುದಾದರೆ ಫೋನಿನ ಬಗೆಗಿನ ನಿಯಮವನ್ನು ಮೊದಲೇ ತಿಳಿದುಕೊಂಡು ಹೋಗಿ.