ಅಭಿನಂದನಾ ಪತ್ರದಲ್ಲಿ 'ಫುಲ್ಸಮ್' ಬಳಸುವ ಮುನ್ನ

ಹಾಸನದ ಶಾಲೆಯೊಂದರಲ್ಲಿ ನಿವೃತ್ತರಾಗುತ್ತಿರುವ ಶಿಕ್ಷಕಿಯೊಬ್ಬರಿಗೆ ಸಿದ್ಧಪಡಿಸಿದ್ದ ಇಂಗ್ಲಿಷ್ ಅಭಿನಂದನಾ ಪತ್ರದ ಕರಡನ್ನು ಓದುವಾಗ, 'ಪೋಷಕರ ಫುಲ್ಸಮ್ ಪ್ರೇಸ್‌ಗೆ ಪಾತ್ರರಾದವರು' ಎಂಬ ಅರ್ಥದ ಸಾಲು ಕಣ್ಣಿಗೆ ಬಿದ್ದು ಮನಸ್ಸಿಗೆ ನೋವಾಯಿತು. ಬರೆದವರು 'ಮನಸಾರೆ ಹೊಗಳಿಕೆ' ಎಂದೇ ಭಾವಿಸಿದ್ದರು.

'ಫುಲ್' ಎಂಬುದರಿಂದ ಹುಟ್ಟಿದ ಈ ಪದಕ್ಕೆ ಮೊದಲು 'ಯಥೇಚ್ಛ' ಎಂಬ ಅರ್ಥವಿದ್ದುದು ನಿಜ; ಆದರೆ ಕಾಲಕ್ರಮೇಣ ಅದು ಅತಿಯಾಗಿ ಓಕರಿಕೆ ತರಿಸುವಂಥದ್ದು, ಪ್ರಾಮಾಣಿಕವಲ್ಲದ್ದು ಎಂಬ ಛಾಯೆಯನ್ನು ಪಡೆದುಕೊಂಡಿತು. ಮೆಚ್ಚುಗೆಯ ಅರ್ಥದಲ್ಲಿ ಇದನ್ನು ಬಳಸುವವರು ಇಂದಿಗೂ ಇದ್ದಾರೆ, ಆದರೂ ಇಂಗ್ಲಿಷ್ ಬಲ್ಲ ಅನೇಕ ಓದುಗರಿಗೆ ಅದು ನಾವು ಹೇಳುವ 'ಹೊಗಳಿ ಹೊನ್ನಶೂಲಕ್ಕೇರಿಸುವುದು' ಎಂಬುದಕ್ಕೇ ಹತ್ತಿರವಾಗಿ ಕೇಳಿಸುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರ ಕೈಗೆ ಅಂಥ ಪದವಿರುವ ಪತ್ರವನ್ನು ಚೌಕಟ್ಟು ಹಾಕಿಸಿ ಕೊಡಬಾರದು.

ಆದ್ದರಿಂದ ನಿಜವಾದ ಮೆಚ್ಚುಗೆಗೆ 'ವಾರ್ಮ್ ಪ್ರೇಸ್', 'ಹೈ ಪ್ರೇಸ್' ಅಥವಾ 'ಜೆನೆರಸ್ ಪ್ರೇಸ್' ಎಂದು ಬರೆಯಿರಿ. ಮಂತ್ರಿಯೊಬ್ಬರನ್ನು ಬೆಂಬಲಿಗರು ವೇದಿಕೆಯಲ್ಲಿ ಅಟ್ಟಕ್ಕೇರಿಸಿದ್ದನ್ನು ವರದಿ ಮಾಡುವಾಗಲಾದರೆ 'ಫುಲ್ಸಮ್' ಸರಿಯಾಗಿಯೇ ಹೊಂದುತ್ತದೆ. ನಮ್ಮ ಕರಡಿನಲ್ಲಿ ಕೊನೆಗೆ 'ವಾರ್ಮ್' ಎಂದು ತಿದ್ದಿ ಮುದ್ರಣಕ್ಕೆ ಕಳುಹಿಸಿದೆವು.