ಲಿಬರಲ್ ಆರ್ಟ್ಸ್ ಕಾಲೇಜು: ಅರ್ಜಿ ಹಾಕುವ ಮೊದಲೇ ಅಲ್ಲಿನ ವಿದ್ಯಾರ್ಥಿ ಬಳಗವನ್ನು ಅರಿಯುವುದು ಹೇಗೆ

ಲಿಬರಲ್ ಆರ್ಟ್ಸ್ ಕಾಲೇಜು ಎಂದರೆ ವಿಜ್ಞಾನ, ಸಾಹಿತ್ಯ, ಸಮಾಜ ವಿಷಯಗಳನ್ನೆಲ್ಲ ಬೆರೆಸಿ ಓದಿಸುವ, ಡಿಗ್ರಿ ಮಟ್ಟದ ಚಿಕ್ಕ ಕಾಲೇಜು. ಅಮೆರಿಕದ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸಾವಿರ ವಿದ್ಯಾರ್ಥಿಗಳಿರುತ್ತಾರೆ. ಬಹುಪಾಲು ಮಂದಿ ನಾಲ್ಕೂ ವರ್ಷ ಕ್ಯಾಂಪಸ್ಸಿನಲ್ಲೇ ವಾಸ. ಗ್ರಿನೆಲ್ ಕಾಲೇಜು ಇರುವ ಅಯೋವಾದ ಊರಿನ ಜನಸಂಖ್ಯೆಯೇ ಸುಮಾರು 9,500. ಜೊತೆಗಿರುವವರು ಒಗ್ಗದಿದ್ದರೆ ಸಂಜೆ ಬಸ್ ಹತ್ತಿ ಬೇರೆಲ್ಲೋ ಹೋಗಿ ಕಾಲ ಕಳೆಯುವ ದಾರಿ ಅಲ್ಲಿಲ್ಲ. ಹಾಗಾಗಿ ರ‍್ಯಾಂಕಿಂಗ್ ನೋಡುವಷ್ಟೇ ಶ್ರದ್ಧೆಯಿಂದ ಸಹಪಾಠಿಗಳು ಯಾರು, ಹೇಗೆ ಬದುಕುತ್ತಾರೆ ಎಂಬುದನ್ನೂ ನೋಡಬೇಕು. ಅರ್ಲಿ ಡಿಸಿಷನ್ ಅರ್ಜಿಯ ಗಡುವು ಹೆಚ್ಚಿನ ಕಡೆ ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬರುತ್ತದೆ. ಅದರಲ್ಲಿ ಸೀಟು ಸಿಕ್ಕರೆ ಸೇರುತ್ತೇನೆಂದು ಮೊದಲೇ ಒಪ್ಪಿಕೊಂಡ ಹಾಗೆ. ಆದ್ದರಿಂದ ಈ ಕೆಲಸ ಎರಡನೇ ಪಿಯುಸಿಯ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯಲಿ.

ಬ್ರೋಷರ್ ಪಕ್ಕಕ್ಕಿಡಿ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿದರೆ ಹೆಚ್ಚಿನ ಕಾಲೇಜುಗಳ ಪಿಡಿಎಫ್ ಸಿಗುತ್ತದೆ. ಕಾಲೇಜುಗಳು ತಮ್ಮ ಅಂಕಿಅಂಶಗಳನ್ನು ಒಂದೇ ನಮೂನೆಯಲ್ಲಿ ತುಂಬಿ ಪ್ರಕಟಿಸುವ ದಾಖಲೆ ಇದು. ಮೊದಲು ತೆರೆಯಬೇಕಾದದ್ದು ಬಿ2 ಕೋಷ್ಟಕ. ಅದರ ಮೊದಲ ಕಾಲಂನಲ್ಲಿ ಹೊಸದಾಗಿ ಸೇರಿದವರು, ಎರಡನೆಯದರಲ್ಲಿ ಡಿಗ್ರಿ ಓದುತ್ತಿರುವ ಎಲ್ಲರೂ ಇರುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲೇ. ಭಾರತದ ಪಾಸ್‌ಪೋರ್ಟಿನಲ್ಲಿ ವೀಸಾ ಪಡೆದು ಹೋಗುವ ವಿದ್ಯಾರ್ಥಿ ‘ಏಷ್ಯನ್’ ಸಾಲಿನಲ್ಲಿ ಬರುವುದಿಲ್ಲ, ‘ನಾನ್‌ರೆಸಿಡೆಂಟ್’ ಸಾಲಿನಲ್ಲಿ ಬರುತ್ತಾನೆ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಗಳು ‘ಏಷ್ಯನ್’. ಕೆಲವು ಬ್ರೋಷರ್‌ಗಳು ಈ ಎರಡನ್ನೂ ಕೂಡಿಸಿ ದೊಡ್ಡ ಶೇಕಡಾವಾರು ತೋರಿಸುತ್ತವೆ. ಇನ್ನು ಕೆಲವು ಅಮೆರಿಕನ್ನರನ್ನು ಮಾತ್ರ ಎಣಿಸುತ್ತವೆ. ಉದಾಹರಣೆಗೆ 2,000 ವಿದ್ಯಾರ್ಥಿಗಳಲ್ಲಿ 300 ಮಂದಿ ನಾನ್‌ರೆಸಿಡೆಂಟ್, 680 ಮಂದಿ ಬಿಳಿಯರಲ್ಲದ ಅಮೆರಿಕನ್ನರು ಎಂದುಕೊಳ್ಳಿ. 680ನ್ನು 2,000ದಿಂದ ಭಾಗಿಸಿದರೆ ಶೇ 34, ಅಮೆರಿಕನ್ನರಷ್ಟೇ ಇರುವ 1,700ರಿಂದ ಭಾಗಿಸಿದರೆ ಶೇ 40, ನಾನ್‌ರೆಸಿಡೆಂಟ್‌ಗಳನ್ನೂ ಸೇರಿಸಿ 980ನ್ನು 2,000ದಿಂದ ಭಾಗಿಸಿದರೆ ಶೇ 49. ಮೂರೂ ಸುಳ್ಳಲ್ಲ. ಆದರೆ ಎರಡು ಕಾಲೇಜುಗಳನ್ನು ಹೋಲಿಸುವಾಗ ಒಂದೇ ಲೆಕ್ಕ ಬಳಸಿ, ಅದನ್ನೂ ನೀವೇ ಮಾಡಿ.

ವರ್ಷವನ್ನೂ ಗಮನಿಸಿ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತಡೆ ಹಾಕಿತು. ಅದರ ಪರಿಣಾಮ ಮೊದಲು ಕಾಣುವುದು 2024ರಲ್ಲಿ ಸೇರಿದ ತಂಡದಲ್ಲಿ. 2022ರ ಅಂಕಿಗಳನ್ನು ನಂಬಿ ಈಗಿನ ಕ್ಯಾಂಪಸ್ಸನ್ನು ಊಹಿಸಿಕೊಳ್ಳಬೇಡಿ. ಬಿ2ರ ಮೊದಲ ಕಾಲಂನ್ನು ಮೂರು ವರ್ಷಗಳದ್ದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಎಚ್ಚರಿಕೆ: ಅಟ್ಲಾಂಟಾದ ಸ್ಪೆಲ್‌ಮನ್, ಮೋರ್‌ಹೌಸ್ ಕಪ್ಪು ಜನರ ಶಿಕ್ಷಣಕ್ಕೆಂದೇ ಬೆಳೆದ ಕಾಲೇಜುಗಳು. ಈ ಕೋಷ್ಟಕ ಮಾತ್ರ ನೋಡಿದರೆ ಅಲ್ಲಿ ವೈವಿಧ್ಯವೇ ಇಲ್ಲವೇನೋ ಅನಿಸುತ್ತದೆ. ಊರು, ವರ್ಗ, ಮನೆಯ ಹಿನ್ನೆಲೆಗಳ ಅಂತರ ಅದರಲ್ಲಿ ಕಾಣುವುದೇ ಇಲ್ಲ.

ನಮ್ಮ ದೃಷ್ಟಿಯಲ್ಲಿ ಜನಾಂಗದ ಕೋಷ್ಟಕಕ್ಕಿಂತ ಹೆಚ್ಚು ಮಾತಾಡುವುದು ಹಣದ ಕೋಷ್ಟಕಗಳು. ಬಿ ವಿಭಾಗದಲ್ಲೇ ಆರು ವರ್ಷದೊಳಗೆ ಡಿಗ್ರಿ ಮುಗಿಸಿದವರ ಪ್ರಮಾಣವನ್ನು ಪೆಲ್ ಗ್ರ್ಯಾಂಟ್ ಪಡೆದವರು, ಪಡೆಯದವರು ಎಂದು ಬೇರೆಬೇರೆ ಕೊಟ್ಟಿರುತ್ತಾರೆ. ಪೆಲ್ ಎಂದರೆ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ ನೆರವು; ನಮ್ಮವರಿಗೆ ಅದು ಸಿಗುವುದಿಲ್ಲ. ಆದರೂ ಎರಡು ಗುಂಪುಗಳ ನಡುವೆ ಎಂಟು–ಹತ್ತು ಶೇಕಡಾ ಅಂಶಗಳ ಅಂತರ ವರ್ಷವರ್ಷವೂ ಕಂಡರೆ, ಬಡವರ ಮಕ್ಕಳನ್ನು ಸೇರಿಸಿಕೊಂಡು ಕೈಬಿಡುತ್ತಿದ್ದಾರೆಯೇ ಎಂದು ಕೇಳಲೇಬೇಕು. ನಂತರ ಎಚ್6 ತೆರೆಯಿರಿ. ನೆರವು ಪಡೆದ ನಾನ್‌ರೆಸಿಡೆಂಟ್‌ಗಳ ಸಂಖ್ಯೆ, ತಲಾ ಸರಾಸರಿ ಮೊತ್ತ ಅಲ್ಲಿರುತ್ತದೆ. ಆ ಸಂಖ್ಯೆಯನ್ನು ಬಿ2ರ ಎರಡನೇ ಕಾಲಂನ ನಾನ್‌ರೆಸಿಡೆಂಟ್ ಸಂಖ್ಯೆಯಿಂದ ಭಾಗಿಸಿ. ಹತ್ತರಲ್ಲಿ ಒಬ್ಬರಿಗಷ್ಟೇ ನೆರವು ಸಿಗುತ್ತಿದ್ದರೆ, ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಅವರವರ ದೇಶದ ಶ್ರೀಮಂತರ ಮಕ್ಕಳು. ರಜೆಗೆ ಗೆಳೆಯರೆಲ್ಲ ವಿಮಾನ ಹತ್ತುವಾಗ ಉಳಿದುಹೋಗುವ ಮಗುವಿಗೆ ಇದು ಸಣ್ಣ ವಿಷಯವಲ್ಲ. ಯಾವ ದೇಶದವರು ಎಷ್ಟು ಎಂಬುದು ಮಾತ್ರ ಈ ದಾಖಲೆಯಲ್ಲಿ ಇರುವುದಿಲ್ಲ. ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆದು ಕೇಳಿ.

ಇನ್ನು ಯಾರು ಯಾರ ಜೊತೆ ಬೆರೆಯುತ್ತಾರೆ ಎಂಬ ಪ್ರಶ್ನೆ. ಎಫ್1ರಲ್ಲಿ ಕ್ಯಾಂಪಸ್ ವಾಸಿಗಳ ಮತ್ತು ಫ್ರಟರ್ನಿಟಿ, ಸೊರೊರಿಟಿ (ಹುಡುಗರ, ಹುಡುಗಿಯರ ಖಾಸಗಿ ಸದಸ್ಯ ಸಂಘಗಳು) ಸೇರಿದವರ ಪ್ರಮಾಣವಿದೆ. ವಿಲಿಯಮ್ಸ್, ಬೋಡನ್‌ನಂಥ ಕಾಲೇಜುಗಳು ಫ್ರಟರ್ನಿಟಿಗಳನ್ನು ತೆಗೆದುಹಾಕಿ ದಶಕಗಳೇ ಆಗಿವೆ. ಆದರೆ ಚಿಕ್ಕ ಕಾಲೇಜುಗಳಲ್ಲಿ ಕ್ರೀಡಾ ತಂಡಗಳೇ ಅಂಥ ಗುಂಪುಗಳಾಗುವುದುಂಟು: ಊಟದ ಮೇಜು ಬೇರೆ, ಪಾರ್ಟಿ ಬೇರೆ. ಅಮೆರಿಕದ ಶಿಕ್ಷಣ ಇಲಾಖೆಯ ‘ಈಕ್ವಿಟಿ ಇನ್ ಅಥ್ಲೆಟಿಕ್ಸ್’ ದತ್ತಾಂಶದಲ್ಲಿ ಕಾಲೇಜಿನ ಕ್ರೀಡಾಪಟುಗಳ ಸಂಖ್ಯೆ ಸಿಗುತ್ತದೆ. ಒಬ್ಬರನ್ನು ಎರಡು ಸಲ ಎಣಿಸದ ಅಂಕಿಯನ್ನೇ ತೆಗೆದುಕೊಳ್ಳಿ. ಮೂರರಲ್ಲಿ ಒಬ್ಬರು ತಂಡದಲ್ಲಿದ್ದರೆ ವಾರಾಂತ್ಯದ ರಂಗು ಅವರದೇ.

ಆಮೇಲೆ ವಿದ್ಯಾರ್ಥಿಗಳ ಪತ್ರಿಕೆ ಓದಿ. ಗ್ರಿನೆಲ್‌ನ ಸ್ಕಾರ್ಲೆಟ್ ಅಂಡ್ ಬ್ಲ್ಯಾಕ್, ಮೆಕಾಲೆಸ್ಟರ್‌ನ ಮ್ಯಾಕ್ ವೀಕ್ಲಿ, ಓಬರ್ಲಿನ್ ರಿವ್ಯೂ ಎಲ್ಲವೂ ಆನ್‌ಲೈನ್‌ನಲ್ಲಿವೆ. ಒಂದು ಇಡೀ ವರ್ಷದ ಸಂಚಿಕೆಗಳ ಮೇಲೆ ಕಣ್ಣಾಡಿಸಿ, ಒಂದೇ ದೂರು ಎಷ್ಟು ಸಲ ಮರಳಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಜಗಳವೇ ಕಾಣದ ಪತ್ರಿಕೆಗಿಂತ ಜಗಳಕ್ಕೆ ಆಡಳಿತ ಉತ್ತರ ಕೊಟ್ಟದ್ದು ಕಾಣುವ ಪತ್ರಿಕೆ ಒಳ್ಳೆಯ ಸೂಚನೆ. ವಿದ್ಯಾರ್ಥಿಗಳ ಕೈಯಲ್ಲಿ ಏನು ಅಧಿಕಾರವಿದೆ ಎಂಬುದನ್ನೂ ನೋಡಿ. ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಆನರ್ ಕೋಡ್‌ಗೆ, ಅಂದರೆ ಓದು, ಪರೀಕ್ಷೆ, ನಡವಳಿಕೆಯ ಪ್ರಾಮಾಣಿಕತೆಯ ನಿಯಮಗಳಿಗೆ, ವಿದ್ಯಾರ್ಥಿಗಳೇ ಪ್ರತಿ ವರ್ಷ ಸಭೆ ಸೇರಿ ಒಪ್ಪಿಗೆ ಕೊಡಬೇಕು.

ಕೊನೆಗೆ ಮಾತುಕತೆ. ಅಡ್ಮಿಷನ್ ಆಫೀಸು ಮುಂದಿಡುವ ವಿದ್ಯಾರ್ಥಿ ರಾಯಭಾರಿ ಒಬ್ಬರು ಸಾಲದು. ಮೂರನೇ ವರ್ಷದ ಇಬ್ಬರನ್ನು ಕೇಳಿ ಪಡೆಯಿರಿ, ಅವರಲ್ಲಿ ಒಬ್ಬರು ಭಾರತೀಯರಲ್ಲದಿರಲಿ. ಅಯೋವಾದ ರಾತ್ರಿ ಎಂಟು ಎಂದರೆ ನಮಗೆ ಮರುದಿನ ಬೆಳಗ್ಗೆ ಏಳೂವರೆ, ಅವರ ಬೇಸಿಗೆ ಸಮಯದಲ್ಲಿ ಆರೂವರೆ. ‘ವೈವಿಧ್ಯ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ‘ಕಳೆದ ಶನಿವಾರ ರಾತ್ರಿ ಯಾರ ಜೊತೆಗಿದ್ದಿರಿ?’, ‘ಮೊದಲ ವರ್ಷದ ರೂಮ್‌ಮೇಟ್ ಜೊತೆ ಈಗಲೂ ಊಟಕ್ಕೆ ಕೂರುತ್ತೀರಾ?’, ‘ದೀಪಾವಳಿ ಕಾರ್ಯಕ್ರಮಕ್ಕೆ ದಕ್ಷಿಣ ಏಷ್ಯಾದವರಲ್ಲದೆ ಯಾರು ಬಂದಿದ್ದರು, ಅದಕ್ಕೆ ದುಡ್ಡು ಎಲ್ಲಿಂದ ಬಂತು?’ ಎಂದು ಕೇಳಿ. ಡಿಸೆಂಬರ್ ರಜೆಯಲ್ಲಿ ಡಾರ್ಮ್ ಮುಚ್ಚುತ್ತಾರೆಯೇ, ಉಳಿಯಲು ಬೇರೆ ಶುಲ್ಕವಿದೆಯೇ, ಡೈನಿಂಗ್ ಹಾಲ್ ಬಂದ್ ಆದಾಗ ಅನ್ನ ಮಾಡಿಕೊಳ್ಳಲು ಅಡುಗೆಮನೆ ಇದೆಯೇ ಎಂಬುದನ್ನೂ ಕೇಳಿ, ಉತ್ತರವನ್ನು ಹೌಸಿಂಗ್ ಆಫೀಸಿನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ.